ಓದಿಗೆ ನಿವೃತ್ತಿಯಿಲ್ಲ

ಗಣಿತದ ಮೇಷ್ಟರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕ ಕಳೆಯದಂತೆ ಕಾಯುವುದೇ ಗ್ರಂಥಪಾಲಕನ ದೊಡ್ಡ ಹೊಣೆ ಎಂದು ಬಹಳ ಮಂದಿ ನಂಬಿದ್ದ ಕಾಲ ಅದು. ಆದರೆ ರಂಗನಾಥನ್ ಓದುಗರನ್ನು ಕಪಾಟುಗಳ ನಡುವೆಯೇ ಬಿಟ್ಟರು. ಬೇಕಾದ್ದನ್ನು ತಾವೇ ತೆಗೆದು ನೋಡಲಿ ಎಂದರು. ಪುಸ್ತಕ ಇರುವುದು ಬಳಕೆಗೆ, ಅದು ಎಲ್ಲರ ಕೈಗೂ ಎಟುಕಬೇಕು ಎಂಬುದೇ 1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ತಿರುಳು.

ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್ಗುಡಿಯಲ್ಲಿ ಕನಕಸಭೈ ಪಿಳ್ಳೆ ಎಂಬವರು ಎತ್ತಿನ ಗಾಡಿಗೆ ಪುಸ್ತಕ ಹೇರಿ ಸುತ್ತಲಿನ ಹಳ್ಳಿಗಳಿಗೆ ಕಳಿಸಿದರು. ಹೊಲಗದ್ದೆ ಬಿಟ್ಟು ಪೇಟೆಗೆ ಬರಲಾಗದವರ ಬಾಗಿಲಿಗೇ ಓದು ಹೋಯಿತು.

ಶಾಲೆಗೆ ಸೇರಲು ವಯಸ್ಸು ನೋಡುತ್ತಾರೆ, ಕಾಲೇಜಿಗೆ ಅಂಕ ನೋಡುತ್ತಾರೆ. ಗ್ರಂಥಾಲಯ ಇವೆರಡನ್ನೂ ಕೇಳುವುದಿಲ್ಲ. ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಗಳು, ಹೊಸ ಬೆಳೆಯ ವಿಚಾರ ತಿಳಿಯಬೇಕೆನ್ನುವ ರೈತ, ನಿವೃತ್ತಿಯ ನಂತರ ಇತಿಹಾಸದ ರುಚಿ ಹತ್ತಿದ ಗುಮಾಸ್ತ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಒಂದೇ ಮೇಜಿನ ಸುತ್ತ ಕೂರುವ ಜಾಗ ಊರಿನಲ್ಲಿ ಬೇರೆ ಯಾವುದಿದೆ? ಮೊಬೈಲಿನಲ್ಲಿ ಮಾಹಿತಿ ಸಿಗುತ್ತದೆ, ನಿಜ. ಆದರೆ ಒಂದು ವಿಷಯದ ಜೊತೆ ಗಂಟೆಗಟ್ಟಲೆ ಕೂರುವ ತಾಳ್ಮೆ, ಒಪ್ಪಲಾಗದ ಮಾತನ್ನೂ ಕೊನೆಯವರೆಗೆ ಕೇಳುವ ಸಹನೆ ಬರುವುದು ಓದಿನ ಅಭ್ಯಾಸದಿಂದ. ಆ ಸಹನೆ ಕಳೆದುಕೊಂಡ ಸಮಾಜವನ್ನು ವದಂತಿ ಆಳುತ್ತದೆ.

ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಎಪ್ಪತ್ತರ ಹೊಸ್ತಿಲಲ್ಲಿ, 1962ರಲ್ಲಿ, ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ ಹೊಸ ತಲೆಮಾರನ್ನು ತಯಾರು ಮಾಡಿದರು. ಕಲಿಯುವುದಕ್ಕೂ ಕಲಿಸುವುದಕ್ಕೂ ವಯಸ್ಸಿನ ಮಿತಿಯಿಲ್ಲವೆಂದು ಬದುಕಿ ತೋರಿಸಿದವರು ಅವರು.

1965ರಲ್ಲಿ ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆ ಕಟ್ಟುವಾಗ ನಾವು ಗ್ರಂಥಾಲಯ ಉಪಕರವನ್ನೂ ಕಟ್ಟುತ್ತೇವೆ. ಹಾಗಾಗಿ ಅಲ್ಲಿನ ಪುಸ್ತಕ ಯಾರೋ ಕೊಟ್ಟ ದಾನವಲ್ಲ, ನಮ್ಮ ಹಕ್ಕು. ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೋ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಮಕ್ಕಳನ್ನು ಕರೆದುಕೊಂಡು ಹೋಗಿ, ನೀವೂ ಸದಸ್ಯರಾಗಿ. ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಿ. ಬಾಗಿಲು ಮುಚ್ಚಿದ್ದರೆ ಏಕೆಂದು ಗ್ರಾಮಸಭೆಯಲ್ಲಿ ಪ್ರಶ್ನಿಸಿ. ಓದುಗರು ಕೇಳಿದರಷ್ಟೇ ಗ್ರಂಥಾಲಯ ಉಳಿಯುತ್ತದೆ.