ಬೀದಿ ಬಿಟ್ಟ ದೊರೆ

1991ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಸಭೆ ಒಂದು ಕಟ್ಟಳೆಗೆ ಒಮ್ಮತದ ಒಪ್ಪಿಗೆ ಕೊಟ್ಟಿತು. ಮಾರ್ಡಿ ಗ್ರಾ ಹಬ್ಬದಲ್ಲಿ ಮೆರವಣಿಗೆ ತೆಗೆಯಲು ಪರವಾನಗಿ ಕೇಳುವ ಯಾವ ಸಂಘವೂ ಜನಾಂಗ, ಧರ್ಮ, ಲಿಂಗದ ಕಾರಣ ಹೇಳಿ ಯಾರಿಗೂ ಸದಸ್ಯತ್ವ ನಿರಾಕರಿಸುವಂತಿಲ್ಲ ಎಂಬುದು ಅದರ ತಿರುಳು. ಅದನ್ನು ಸಭೆಯ ಮುಂದೆ ತಂದವರು ಡೊರೊಥಿ ಮೇ ಟೇಲರ್. ಇಪ್ಪತ್ತು ವರ್ಷಗಳ ಹಿಂದೆ ಲೂಯಿಸಿಯಾನಾ ಶಾಸನಸಭೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ಮೆರವಣಿಗೆಗೆ ಪೊಲೀಸರನ್ನು ನಿಲ್ಲಿಸುವುದು ನಗರ, ಮರುದಿನ ರಸ್ತೆ ಗುಡಿಸುವುದೂ ನಗರ. ಆ ನಗರದ ಬಹುಪಾಲು ಜನ ಕಪ್ಪು ಜನಾಂಗದವರು. ಅವರ ತೆರಿಗೆಯಲ್ಲಿ ನಡೆಯುವ ವೈಭವಕ್ಕೆ ಅವರೇ ಸದಸ್ಯರಾಗಬಾರದೆಂದರೆ ಹೇಗೆ ಎಂದು ಟೇಲರ್ ಕೇಳಿದರು.

ಕ್ರೈಸ್ತರ ತಪಸ್ಸಿನ ಕಾಲ ಶುರುವಾಗುವ ಮುನ್ನಾದಿನದ ಮಂಗಳವಾರವೇ ಮಾರ್ಡಿ ಗ್ರಾ. ಅದಕ್ಕೆ ಮುನ್ನ, ಜನವರಿ 6ರಿಂದಲೇ ಊರಿನಲ್ಲಿ ಹಬ್ಬದ ಗಾಳಿ ಬೀಸತೊಡಗುತ್ತದೆ. ಈ ಹಬ್ಬವನ್ನು ನಡೆಸುವುದು ಸರ್ಕಾರವೂ ಅಲ್ಲ, ಚರ್ಚೂ ಅಲ್ಲ. ‘ಕ್ರೂ’ ಎಂದು ಕರೆಯುವ ಖಾಸಗಿ ಸಂಘಗಳು. ಇವುಗಳಲ್ಲಿ ಹಿರಿಯದು 1857ರಲ್ಲಿ ಮೊದಲ ಮೆರವಣಿಗೆ ತೆಗೆದ ‘ಕೋಮಸ್’. ಕವಿ ಮಿಲ್ಟನ್ನನ ಒಂದು ನಾಟಕದಿಂದ ಆ ಹೆಸರನ್ನು ಪಡೆದ ವರ್ತಕರು ದೀವಟಿಗೆಯ ಬೆಳಕಿನಲ್ಲಿ, ಮುಖವಾಡ ತೊಟ್ಟು, ಅಲಂಕರಿಸಿದ ಗಾಡಿಗಳ ಮೇಲೆ ಬೀದಿಗಿಳಿದರು. ಮುಂದೆ 1872ರಲ್ಲಿ ‘ರೆಕ್ಸ್’ ಮತ್ತು ‘ಮೋಮಸ್’, 1882ರಲ್ಲಿ ‘ಪ್ರೋಟಿಯಸ್’ ಬಂದವು. ಸದಸ್ಯರು ಯಾರೆಂಬುದು ಗುಟ್ಟು. ಕೋಮಸ್ ದೊರೆಯ ಪಾತ್ರ ಯಾರದೆಂಬುದನ್ನು ಸಂಘ ಎಂದೂ ಹೊರಗೆ ಹೇಳುವುದಿಲ್ಲ. ಖರ್ಚೆಲ್ಲ ಸದಸ್ಯರ ಜೇಬಿನದೇ. ಮೆರವಣಿಗೆಯ ಗಾಡಿಗಳ ಮೇಲೆ ಕಂಪನಿಗಳ ಜಾಹೀರಾತಿಗೆ ಆ ಊರಿನಲ್ಲಿ ಇಂದಿಗೂ ಅವಕಾಶವಿಲ್ಲ. ಹೆಸರು ಬಯಸದೆ, ಲಾಭ ನೋಡದೆ ಊರಿನವರಿಗಾಗಿ ದುಡ್ಡು ಸುರಿಯುವುದು ಸಣ್ಣ ಮಾತಲ್ಲ. ಈ ಪ್ರಕರಣವನ್ನು ತೂಗುವಾಗ ಅದನ್ನು ಮರೆಯಬಾರದು.

ಮೆರವಣಿಗೆ ಮುಗಿದ ಮೇಲೆ ಬಾಲ್, ಅಂದರೆ ಆಹ್ವಾನಿತರ ನೃತ್ಯಕೂಟ. ಅದರ ಕ್ರಮ ನೋಡಿದರೆ ಸಂಘದ ಒಳಮನಸ್ಸು ತಿಳಿಯುತ್ತದೆ. ಗಂಡಸರಿಗೆ ಬಾಲದ ಕೋಟು, ಹೆಂಗಸರಿಗೆ ನೆಲ ಮುಟ್ಟುವ ಗೌನು ಕಡ್ಡಾಯ. ಆಹ್ವಾನ ಸಿಕ್ಕವರಲ್ಲೂ ಹೆಚ್ಚಿನವರು ತಮ್ಮ ಜಾಗದಲ್ಲಿ ಕುಳಿತು ನೋಡುವವರೇ. ‘ಕಾಲ್‌ಔಟ್’ ಚೀಟಿ ಪಡೆದ ಹೆಂಗಸರಿಗೆ ಮಾತ್ರ ಬೇರೆ ಆಸನ. ಸಮಿತಿಯವನೊಬ್ಬ ಹೆಸರು ಹಿಡಿದು ಕೂಗುತ್ತಾನೆ. ಆಕೆ ಎದ್ದು ಬಂದು ಮುಖವಾಡದವನ ಕೈಹಿಡಿದು ಒಂದು ಸುತ್ತು ನರ್ತಿಸುತ್ತಾಳೆ. ಆತ ಅವಳ ಕೈಗೊಂದು ಪುಟ್ಟ ಉಡುಗೊರೆ ಇಡುತ್ತಾನೆ, ಆಕೆ ತನ್ನ ಜಾಗಕ್ಕೆ ಮರಳುತ್ತಾಳೆ. ಮಂಗಳವಾರ ರಾತ್ರಿ ರೆಕ್ಸ್ ದೊರೆ ತನ್ನ ನೃತ್ಯಕೂಟ ಬಿಟ್ಟು ರಾಣಿಯೊಡನೆ ಕೋಮಸ್‌ನ ಆಸ್ಥಾನಕ್ಕೆ ಬರುತ್ತಾನೆ. ರೆಕ್ಸ್ ಕೈಯಲ್ಲಿ ರಾಜದಂಡ, ಕೋಮಸ್ ಕೈಯಲ್ಲಿ ಮಧುಪಾತ್ರೆ. ಹಗಲಿಡೀ ಊರಿಗೆಲ್ಲ ದೊರೆಯಾಗಿ ಮೆರೆದವನು ರಾತ್ರಿ ಕೋಮಸ್‌ನ ಬಾಗಿಲಿಗೆ ಬಂದು ಅವನ ಹಿರಿತನವನ್ನು ಒಪ್ಪಿದಂತೆ ಇದು. ಒಳಗಿನವರೊಳಗೆ ಇನ್ನೂ ಒಳಗಿನವರು ಯಾರು ಎಂಬುದನ್ನು ಹಂತಹಂತವಾಗಿ ಸಾರುವ ಆಚರಣೆ.

ಹೊರಗೆ ಬೀದಿಯಲ್ಲಿ ಬೇರೆಯದೇ ನೋಟ. ರಾತ್ರಿಯ ಮೆರವಣಿಗೆಗೆ ಬೆಳಕು ಹಿಡಿದವರು ಕಪ್ಪು ಜನ. ಮೊದಮೊದಲು ಅವರಲ್ಲಿ ಗುಲಾಮರೂ ಇದ್ದರು. ಉರಿಯುವ ಎಣ್ಣೆಯ ಭಾರದ ದೀವಟಿಗೆಯನ್ನು ಎತ್ತಿ ಹಿಡಿದು ಮೈಲಿಗಟ್ಟಲೆ ನಡೆಯುತ್ತಾರೆ, ನಡುನಡುವೆ ಅದನ್ನು ತಿರುಗಿಸುತ್ತಾ ಕುಣಿಯುತ್ತಾರೆ. ನೋಡುವವರು ಚಿಲ್ಲರೆ ಎಸೆಯುತ್ತಾರೆ. ತಲೆಮಾರುಗಳ ಕಾಲ ಆ ಮೆರವಣಿಗೆಗಳಲ್ಲಿ ಕಪ್ಪು ಗಂಡಸಿಗೆ ಸಿಕ್ಕ ಸ್ಥಾನವೆಂದರೆ ಇದೇ. ಮೇಲೆ ಕುಳಿತವನ ಮುಖ ಮುಖವಾಡದ ಹಿಂದೆ ಭದ್ರ. ಬೆಳಕು ಹಿಡಿದವನ ಮುಖ ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಇದು ಬರೀ ಮೋಜಿನ ಮಾತಾಗಿರಲಿಲ್ಲ ಎಂಬುದಕ್ಕೆ 1873ರ ಕೋಮಸ್ ಮೆರವಣಿಗೆಯೇ ಸಾಕ್ಷಿ. ಅಂತರ್ಯುದ್ಧ ಮುಗಿದು ಕಪ್ಪು ಜನರಿಗೆ ಮತದಾನದ ಹಕ್ಕು ಬಂದಿದ್ದ ಕಾಲ ಅದು. ಡಾರ್ವಿನ್ನನ ವಿಕಾಸವಾದವನ್ನು ನೆಪ ಮಾಡಿಕೊಂಡು ಆ ವರ್ಷ ಸಂಘ ಅಧ್ಯಕ್ಷ ಗ್ರಾಂಟ್‌ರನ್ನು ಹುಳುವಾಗಿ ತೋರಿಸಿತು, ಗೊರಿಲ್ಲಾಗೆ ಕಿರೀಟ ತೊಡಿಸಿ ಕಪ್ಪು ಜನರ ಅಧಿಕಾರವನ್ನು ಹೀಯಾಳಿಸಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ‘ವೈಟ್ ಲೀಗ್’ ಎಂಬ ಬಿಳಿಯರ ಪಡೆ ಬಂದೂಕು ಹಿಡಿದು ರಾಜ್ಯ ಸರ್ಕಾರದ ಮೇಲೆರಗಿತು. ಆ ಪಡೆಯಲ್ಲಿ ಕ್ರೂಗಳ ಸದಸ್ಯರೂ ಇದ್ದರು. ಬೀದಿ ಯಾರದು ಎಂಬ ಪ್ರಶ್ನೆ ಟೇಲರ್ ಹುಟ್ಟುಹಾಕಿದ್ದಲ್ಲ. ಅವರು ಹುಟ್ಟುವ ಮೊದಲೇ ಈ ಸಂಘಗಳು ಅದನ್ನು ಕೇಳಿದ್ದವು, ತಮಗೆ ಬೇಕಾದ ಉತ್ತರವನ್ನೂ ಕೊಟ್ಟುಕೊಂಡಿದ್ದವು.

ಹೊರಗುಳಿದವರು ಕೈಕಟ್ಟಿ ಕೂರಲಿಲ್ಲ. ಕಾಯಿಲೆ ಬಿದ್ದರೆ ಔಷಧಿಗೆ, ಸತ್ತರೆ ಮಣ್ಣಿಗೆ ಹಣ ಒದಗಿಸಲು ಕಪ್ಪು ಜನ ಪುಟ್ಟ ವಂತಿಗೆಯ ಸಂಘಗಳನ್ನು ಕಟ್ಟಿಕೊಂಡಿದ್ದರು. ಅಂಥ ನೆಲದಲ್ಲಿ ಬೆಳೆದದ್ದು ‘ಜುಲು ಸೋಷಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್’. ಪರಸ್ಪರ ನೆರವು, ನಲಿವು ಎರಡೂ ಅದರ ಹೆಸರಿನಲ್ಲೇ ಇವೆ. 1909ರಲ್ಲಿ ಅದರ ಮೊದಲ ದೊರೆ ವಿಲಿಯಂ ಸ್ಟೋರಿ ಹಂದಿಕೊಬ್ಬಿನ ಡಬ್ಬಿಯನ್ನು ಕಿರೀಟ ಮಾಡಿಕೊಂಡು, ಬಾಳೆದಿಂಡನ್ನು ರಾಜದಂಡವೆಂದು ಹಿಡಿದು ಹೊರಟ. ಬಿಳಿಯ ದೊರೆಗಳ ಠೀವಿಗೆ ಅದು ಕೊಟ್ಟ ಉತ್ತರ. 1949ರಲ್ಲಿ ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಜುಲು ದೊರೆಯಾಗಿ ತಮ್ಮ ಹುಟ್ಟೂರಿನಲ್ಲಿ ಮೆರೆದರು. ಆದರೆ ಜುಲು ಮೆರವಣಿಗೆ ಬಹುಕಾಲ ಕಪ್ಪು ಜನರ ಕೇರಿಗಳಲ್ಲೇ ಸುತ್ತಬೇಕಾಯಿತು. ಊರಿನ ಮುಖ್ಯರಸ್ತೆಗಳು ಅದಕ್ಕೆ ತೆರೆದುಕೊಂಡದ್ದು 1960ರ ದಶಕದ ಕೊನೆಗೆ.

ಈಗ 1992ಕ್ಕೆ ಬರೋಣ. ಟೀಕೆಯ ಮಳೆ ಸುರಿದಾಗ ನಗರಸಭೆ ಕಟ್ಟಳೆಯನ್ನು ಸಡಿಲಿಸಿತು. ಶಿಕ್ಷೆ ಹಗುರಾಯಿತು, ಗಂಡಸರದೇ ಅಥವಾ ಹೆಂಗಸರದೇ ಆದ ಸಂಘಗಳು ಹಾಗೆಯೇ ಇರಬಹುದು ಎಂದಾಯಿತು. ಆದರೆ ಜನಾಂಗದ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ ಎಂಬ ಮಾತು ಉಳಿಯಿತು. ರೆಕ್ಸ್ ಒಪ್ಪಿಕೊಂಡು ಕೆಲವು ಕಪ್ಪು ಸದಸ್ಯರನ್ನು ಬರಮಾಡಿಕೊಂಡಿತು. ಕೋಮಸ್ ಮತ್ತು ಮೋಮಸ್ ಆ ವರ್ಷದಿಂದಲೇ ಮೆರವಣಿಗೆ ನಿಲ್ಲಿಸಿದವು. ಮರುವರ್ಷ ಪ್ರೋಟಿಯಸ್ ಕೂಡ ಹಿಂದೆ ಸರಿಯಿತು. ಒಂದು ಶತಮಾನಕ್ಕೂ ಮೀರಿದ ಪರಂಪರೆ ಬೀದಿಯಿಂದ ಮರೆಯಾಯಿತು, ನೃತ್ಯಕೂಟಗಳು ಮಾತ್ರ ಬಾಗಿಲ ಹಿಂದೆ ಮುಂದುವರಿದವು.

ಸಂಘಗಳ ಪರವಾದ ವಾದವನ್ನು ಗೌರವದಿಂದಲೇ ಕೇಳಬೇಕು. ಗೆಳೆತನವನ್ನು ಕಾನೂನು ಹೊರಿಸಲಾಗದು. ನನ್ನ ಮನೆಯ ಮದುವೆಗೆ ಯಾರನ್ನು ಕರೆಯಬೇಕೆಂದು ನಗರಸಭೆ ಹೇಳತೊಡಗಿದರೆ ನಾನೂ ಸುಮ್ಮನಿರಲಾರೆ. ಸದಸ್ಯರ ಪಟ್ಟಿಯಲ್ಲಿ ಇಣುಕುವ ಸರ್ಕಾರ ನಾಳೆ ಬಡವರ ಸಂಘದ ಪಟ್ಟಿಯನ್ನೂ ಕೇಳೀತು. ಈ ಭಯ ಸುಳ್ಳಲ್ಲ. ಆ ಊರಿನ ಬೇರೆ ನಾಲ್ಕು ಖಾಸಗಿ ಕ್ಲಬ್‌ಗಳ ವಿಷಯದಲ್ಲಿ ಮುಂದೆ ಮೇಲ್ಮನವಿ ನ್ಯಾಯಾಲಯವೂ ಅವುಗಳ ಖಾಸಗಿತನವನ್ನು ಎತ್ತಿಹಿಡಿಯಿತು. ಒಳಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಕೋಮಸ್‌ನ ಹಕ್ಕು. ನಾನದನ್ನು ಒಪ್ಪುತ್ತೇನೆ.

ಆದರೆ ಹಕ್ಕಿದೆ ಎಂದ ಮಾತ್ರಕ್ಕೆ ಮಾಡಿದ್ದು ಸರಿಯಾಗಿಬಿಡುವುದಿಲ್ಲ. ಮದುವೆಯ ಮೆರವಣಿಗೆಗೆ ಊರಿನ ರಸ್ತೆ ಬೇಕು, ಊರಿನವರ ಕಣ್ಣು ಬೇಕು, ಅವರ ಜಯಕಾರವೂ ಬೇಕು, ಆದರೆ ಅವರಲ್ಲಿ ಅರ್ಧದಷ್ಟು ಜನ ಯಾವ ಕಾಲಕ್ಕೂ ನೆಂಟರಾಗಕೂಡದು ಎಂದರೆ ಅದು ಖಾಸಗಿತನ ಉಳಿಯುವುದಿಲ್ಲ. ದೊರೆ ಎನಿಸಿಕೊಳ್ಳಲು ಪ್ರಜೆಗಳು ಬೇಕು; ಕೋಮಸ್‌ಗೆ ಬೇಕಾದದ್ದು ಪ್ರಜೆಗಳೇ ಹೊರತು ಸರಿಸಮರಲ್ಲ. ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಕೋಮಸ್ ಬೀದಿ ಬಿಟ್ಟ ಮೇಲೂ ರೆಕ್ಸ್ ಮತ್ತು ಕೋಮಸ್ ಆಸ್ಥಾನಗಳ ಆ ರಾತ್ರಿಯ ಭೇಟಿಯನ್ನು ಊರಿನ ಸಾರ್ವಜನಿಕ ಟಿವಿ ವಾಹಿನಿ ಬಿತ್ತರಿಸುತ್ತ ಬಂದಿದೆ. ತಮ್ಮನ್ನು ಯಾರೂ ನೋಡದಿರಲಿ ಎಂದು ಅವರು ಬಯಸಿದವರಲ್ಲ. ನೋಡುವವರು ನೋಡುವವರಾಗಿಯೇ ಉಳಿಯಲಿ ಎಂಬುದು ಅವರ ಬಯಕೆಯಾಗಿತ್ತು.

ಟೇಲರ್ ತೆತ್ತ ಬೆಲೆಯನ್ನೂ ನೆನೆಯಬೇಕು. ಹಬ್ಬ ಕೆಡಿಸಿದವಳು ಎಂಬ ಮೂದಲಿಕೆ ಅವರ ಬೆನ್ನು ಬಿಡಲಿಲ್ಲ. ಆದರೆ ಹಬ್ಬ ಕೆಡಲಿಲ್ಲ. ಪ್ರೋಟಿಯಸ್ ತೆರವು ಮಾಡಿದ ಸೋಮವಾರದ ರಾತ್ರಿಗೆ 1994ರಲ್ಲಿ ‘ಆರ್ಫಿಯಸ್’ ಬಂತು. ಗಾಯಕ ಹ್ಯಾರಿ ಕಾನಿಕ್ ಜೂನಿಯರ್ ಮುಂದಾಗಿ ಕಟ್ಟಿದ ಈ ಸಂಘದಲ್ಲಿ ಗಂಡು ಹೆಣ್ಣು, ಕಪ್ಪು ಬಿಳಿ ಎಂಬ ತಡೆಯಿಲ್ಲ. ಅದಕ್ಕೆ ಜನ ಕಿಕ್ಕಿರಿದು ನೆರೆದರು. 2000ದಲ್ಲಿ ಪ್ರೋಟಿಯಸ್ಸೇ ಕಟ್ಟಳೆಗೆ ಒಪ್ಪಿ ಮರಳಿತು. ಈಗ ಒಂದೇ ರಾತ್ರಿ ಎರಡೂ ಮೆರವಣಿಗೆಗಳು ಹೊರಡುತ್ತವೆ. ಟೇಲರ್ ತೀರಿಕೊಂಡದ್ದೂ ಅದೇ ವರ್ಷ. ಕಾನೂನಿಗೆ ಮನಸ್ಸು ತಿದ್ದುವ ಶಕ್ತಿ ಇಲ್ಲ ಎನ್ನುತ್ತೇವೆ, ನಿಜ. ಆದರೆ ಮನಸ್ಸು ತಿದ್ದಿಕೊಂಡವರಿಗೆ ಜಾಗ ಮಾಡಿಕೊಡುವ ಶಕ್ತಿ ಅದಕ್ಕಿದೆ. ಆ ಕಟ್ಟಳೆ ಮಾಡಿದ್ದು ಅಷ್ಟೇ, ಅಷ್ಟು ಸಣ್ಣದೂ ಅಲ್ಲ.

ಕೋಮಸ್ ಇನ್ನೂ ಬೀದಿಗೆ ಬಂದಿಲ್ಲ. ಎಲ್ಲ ಪರಂಪರೆಗೂ ಈ ಗಳಿಗೆ ಒಮ್ಮೆ ಎದುರಾಗುತ್ತದೆ: ತನ್ನಲ್ಲಿ ಕಾಪಾಡಬೇಕಾದ್ದು ಯಾವುದು? ದೀವಟಿಗೆಯ ಬೆಳಕು, ಮುಖವಾಡದ ವಿನಯ, ಸ್ವಂತ ಹಣದಲ್ಲಿ ಊರನ್ನು ನಲಿಸುವ ಔದಾರ್ಯ, ಇವೆಲ್ಲ ಕಾಪಾಡಲು ಯೋಗ್ಯವಾದ ಸಂಗತಿಗಳು. ಇವನ್ನು ಬಿಟ್ಟುಕೊಟ್ಟು ಕೋಮಸ್ ಬೇಲಿಯನ್ನು ಉಳಿಸಿಕೊಂಡಿತು. ಹಾಗಾಗಿ ಅದು ಪರಂಪರೆ ಕಾಪಾಡಿತು ಎಂಬ ಮಾತನ್ನು ನಾನು ಒಪ್ಪಲಾರೆ. ಇಂತಿಷ್ಟು ಕಪ್ಪು ಸದಸ್ಯರಿರಬೇಕೆಂದು ಯಾರೂ ಕೇಳಿರಲಿಲ್ಲ. ಬಣ್ಣ ನೋಡಿ ಬಾಗಿಲು ಹಾಕುವುದಿಲ್ಲ ಎಂದು ಬರೆದುಕೊಟ್ಟರೆ ಸಾಕಿತ್ತು. ಈಗಲೂ ಅಷ್ಟೇ ಸಾಕು. ಆ ಕಾಗದಕ್ಕೆ ಕೋಮಸ್ ಸಹಿ ಹಾಕಬೇಕು ಎಂಬುದು ನನ್ನ ತೀರ್ಪು. ಹಾಕಲಿ ಎಂಬುದು ಹಾರೈಕೆ.