ಮಾರುವ ಗಾಡಿಯೋ, ಇಟ್ಟುಕೊಳ್ಳುವ ಗಾಡಿಯೋ?

"ಸಾರ್, ಇದು ಮಾರೋ ಗಾಡೀನೋ, ಇಟ್ಕೊಳ್ಳೋ ಗಾಡೀನೋ?"

ಬಾನೆಟ್ಟನ್ನು ಎತ್ತುವುದಕ್ಕೆ ಮೊದಲೇ ಮೇಸ್ತ್ರಿ ಕೇಳಿದ ಪ್ರಶ್ನೆ ಇದು. ನನ್ನ ದೂರು ಸರಳವಾಗಿತ್ತು: ಎ.ಸಿ. ಹಾಕಿದರೆ ಬಿಸಿಗಾಳಿ ಬರುತ್ತದೆ. ಜ್ವರವೆಂದು ವೈದ್ಯರ ಬಳಿಗೆ ಹೋದರೆ ಅವರು ನಾಲಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ಇನ್ನೆಷ್ಟು ದಿನ ಬದುಕುವ ಯೋಚನೆಯಿದೆ ಎಂದು ಕೇಳುವುದಿಲ್ಲ. ಆದ್ದರಿಂದ ನನಗೆ ಕೊಂಚ ಕಸಿವಿಸಿಯಾಯಿತು. ಕಸಿವಿಸಿಗೆ ಮತ್ತೊಂದು ಕಾರಣವೂ ಇತ್ತು. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವೇ ಇರದು. ಅದು ನಿಜವಾಗಿಯೂ ಮಾರುವ ಗಾಡಿಯೇ ಆಗಿತ್ತು.

ಮೇಸ್ತ್ರಿಯ ಲೆಕ್ಕ ಹೀಗೆ. ಮಾರುವ ಗಾಡಿಯಾದರೆ ಗ್ಯಾಸ್ ತುಂಬಿಸಿಕೊಂಡು ಹೋಗಬಹುದು. ಸಾವಿರದ ಎಂಟುನೂರು ರೂಪಾಯಿ, ಮುಕ್ಕಾಲು ಗಂಟೆಯ ಕೆಲಸ. ಕೊಳ್ಳುವವನು ಬಂದು ಕುಳಿತಾಗ ಮುಖಕ್ಕೆ ತಣ್ಣಗೆ ಬಡಿಯುತ್ತದೆ. ಇಟ್ಟುಕೊಳ್ಳುವ ಗಾಡಿಯಾದರೆ ರೋಗ ಎಲ್ಲಿದೆಯೆಂದು ಹುಡುಕಬೇಕು. ಹುಡುಕಿದ ಮೇಲೆ ಅದರ ಖರ್ಚು ಎಷ್ಟಾದೀತೆಂದು ಈಗಲೇ ಹೇಳಲಾಗದು. ಹಿಂದಿನ ವರ್ಷ ಬೇರೊಂದು ಅಂಗಡಿಯಲ್ಲಿ ನಾನು ಗ್ಯಾಸ್ ತುಂಬಿಸಿದ್ದೆ, ಮೂರು ತಿಂಗಳು ಬಂತು. ಈ ಬೇಸಗೆಯ ಮೊದಲಲ್ಲಿ ಮತ್ತೆ ತುಂಬಿಸಿದೆ, ಮೂರು ವಾರ ಬಂತು. ಎರಡು ಸಲವೂ ಯಾರೂ ನನ್ನನ್ನು ಏನೂ ಕೇಳಲಿಲ್ಲ; ನಾನೂ ಕೇಳಲಿಲ್ಲ.

ಕೇಳಬೇಕಾಗಿತ್ತು. ಎ.ಸಿ.ಯ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ನಾವು ತಿಳಿದಂತೆ ಯಂತ್ರ ತಂಪನ್ನು ಉತ್ಪಾದಿಸುವುದೂ ಇಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಸಿಗ್ನಲಿನಲ್ಲಿ ನಮ್ಮ ಪಕ್ಕ ಸ್ಕೂಟರಿನ ಮೇಲೆ ನಿಂತವನಿಗೆ ಅದು ಚೆನ್ನಾಗಿ ಗೊತ್ತು. ಕಂಪ್ರೆಸರು ಅನಿಲವನ್ನು ಅದುಮಿ ಬಿಸಿಮಾಡುತ್ತದೆ. ರೇಡಿಯೇಟರಿನ ಮುಂದಿನ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಸಣ್ಣ ಕಿಂಡಿಯೊಂದರಿಂದ ನುಗ್ಗಿ, ಗ್ಯಾರೇಜಿನವರು ಕೂಲಿಂಗ್ ಕಾಯಿಲ್ ಎನ್ನುವ ಸುರುಳಿಯಲ್ಲಿ ಮತ್ತೆ ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ಚಕ್ರ ಇದು. ಅನಿಲ ಗಣನೀಯವಾಗಿ ಕಡಿಮೆಯಾಗಿದೆಯೆಂದರೆ ಅದು ಎಲ್ಲಿಂದಲೋ ಹೊರಗೆ ಹೋಗಿದೆ. ಸೋರುವ ಕೊಡಕ್ಕೆ ನೀರು ತುಂಬಿ, ಈಗ ಕೊಡ ಸರಿಹೋಯಿತು ಎಂದು ನಮ್ಮ ಮನೆಯ ಹೆಂಗಸರು ಯಾರೂ ಹೇಳರು.

ಬಿಸಿಗಾಳಿಗೆ ಸೋರಿಕೆಯೊಂದೇ ಕಾರಣವೆಂದೂ ಅಲ್ಲ. ಗಾಡಿ ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಕಂಡೆನ್ಸರಿನ ಫ್ಯಾನು ತಿರುಗುತ್ತಿಲ್ಲವೆಂದು ಶಂಕಿಸಬೇಕು. ಬಾನೆಟ್ಟಿನ ಕೆಳಗಿನ ಕೊಳವೆ ಮುಟ್ಟಿದರೆ ಮಂಜಿನಂತಿದ್ದು ಒಳಗೆ ಬಿಸಿ ಬರುತ್ತಿದ್ದರೆ, ಹೀಟರಿನ ಗಾಳಿಯನ್ನು ಬೆರೆಸುವ ಬಾಗಿಲು ಸಿಕ್ಕಿಕೊಂಡಿರಬಹುದು; ಆಗ ಎಷ್ಟು ಗ್ಯಾಸ್ ತುಂಬಿದರೂ ವ್ಯರ್ಥ. ಕಂಪ್ರೆಸರಿನ ಕ್ಲಚ್ಚೇ ಕಚ್ಚದಿದ್ದರೆ ಫ್ಯೂಸು, ರಿಲೇ, ಒತ್ತಡದ ಸ್ವಿಚ್ಚು. ಈ ಎಲ್ಲಕ್ಕೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ.

ಇದರಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಸಂಗತಿ ಒಂದಿದೆ. ಎಂಜಿನ್ ನಿಂತಿರುವಾಗ ಮೇಸ್ತ್ರಿ ಒತ್ತಡದ ಗಡಿಯಾರಗಳನ್ನು ಜೋಡಿಸಿದರು. ಎರಡು ಮುಳ್ಳುಗಳೂ ಒಂದೇ ಅಂಕೆಯನ್ನು ತೋರಿಸಿದವು, ಸರಿಯಾಗಿಯೇ ತೋರಿಸಿದವು. ಹೊರಗೆ 30 ಡಿಗ್ರಿ ಇದ್ದರೆ, ಈ ಕಾರುಗಳಲ್ಲಿ ಬಳಸುವ ಆರ್-134ಎ ಅನಿಲದ ಒತ್ತಡ ಚದರ ಅಂಗುಲಕ್ಕೆ ಸುಮಾರು 97 ಪೌಂಡು. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ, ಪೂರ್ತಿ ತುಂಬಿದ್ದರೂ ಅಷ್ಟೆ, ಅರ್ಧ ಸೋರಿಹೋಗಿದ್ದರೂ ಅಷ್ಟೆ. "ನಿಂತ ಗಾಡಿ ನಿಜ ಹೇಳಲ್ಲ ಸಾರ್" ಎಂದರು ಮೇಸ್ತ್ರಿ. ಎಂಜಿನ್ ಹೊತ್ತಿಸಿ ಕೆಲಸಕ್ಕೆ ಹಚ್ಚಿದಾಗ ಮಾತ್ರ ಒಂದು ಮುಳ್ಳು ಇಳಿದು ಇನ್ನೊಂದು ಏರಬೇಕು. ನನ್ನ ಗಾಡಿಯಲ್ಲಿ ಒಂದು ತೀರ ಇಳಿಯಿತು, ಇನ್ನೊಂದು ಏರಬೇಕಾದಷ್ಟು ಏರಲಿಲ್ಲ.

ಮಾರಾಟದ ವಿಷಯಕ್ಕೆ ಬರೋಣ. ಮಾರುವವನು ತನ್ನ ವಸ್ತುವಿನ ದೋಷವನ್ನು ತಾನಾಗಿ ಹೇಳಬೇಕೆ? ನಮ್ಮ 1872ರ ಕರಾರು ಕಾಯಿದೆಯ 17ನೆಯ ಪ್ರಕರಣ ಇದಕ್ಕೆ ಒಂದು ಕುದುರೆಯ ದೃಷ್ಟಾಂತವನ್ನು ಕೊಡುತ್ತದೆ. ತನ್ನ ಕುದುರೆಗೆ ಖಾಯಿಲೆಯೆಂದು ಗೊತ್ತಿದ್ದೂ ಒಬ್ಬನು ಅದನ್ನು ಹರಾಜಿನಲ್ಲಿ ಮಾರಿದ, ಮಾತೇ ಆಡಲಿಲ್ಲ: ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಈಗ ತಾನೇ ಪ್ರಾಯಕ್ಕೆ ಬಂದ ಅವನ ಮಗಳಾದರೆ? ಆಗ ಹೇಳುವುದು ಅವನ ಕರ್ತವ್ಯ. ಮತ್ತೆ, ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದರೆ? ಆಗ ಮೌನವೇ ಮಾತಾಗುತ್ತದೆ. ಗೊತ್ತಿದ್ದ ದೋಷವನ್ನು ಕೈಯಾರೆ ಮರೆಮಾಡುವುದಂತೂ ಅದೇ ಪ್ರಕರಣದ ಪ್ರಕಾರ ನೇರವಾಗಿ ವಂಚನೆಯೇ. ಕಾನೂನಿನ ಪುಸ್ತಕದಲ್ಲಿ ಇಷ್ಟು ಮನುಷ್ಯಸ್ವಭಾವ ಅಡಗಿದೆಯೆಂದು ನಾನು ಅದನ್ನು ತೆರೆಯುವವರೆಗೂ ಭಾವಿಸಿರಲಿಲ್ಲ.

ನನ್ನ ಗಾಡಿಯನ್ನು ಕೇಳಿದ್ದವನು ನನ್ನ ಹಳೆಯ ವಿದ್ಯಾರ್ಥಿ. "ನೀವು ಹೇಳಿದ ಮೇಲೆ ನಾನು ಬೇರೆ ಯಾರಿಗೂ ತೋರಿಸೋದಿಲ್ಲ ಸಾರ್" ಎಂದಿದ್ದ. ಕುದುರೆಯ ಎರಡನೆಯ ದೃಷ್ಟಾಂತದ ಪಕ್ಕದಲ್ಲಿಯೂ ಮೂರನೆಯದರ ನಡುವಿನಲ್ಲಿಯೂ ನಾನು ಏಕಕಾಲಕ್ಕೆ ನಿಂತಿದ್ದೆ. ನಾನು ಸುಳ್ಳು ಹೇಳಬೇಕಾಗಿರಲಿಲ್ಲ. ಗ್ಯಾಸ್ ತುಂಬಿಸಿ, "ಎ.ಸಿ. ಕೆಲಸ ಮಾಡುತ್ತದೆ" ಎಂದರೆ ಸಾಕು. ಅಕ್ಷರಶಃ ನಿಜ.

ಇಂಥ ನಿಜಕ್ಕೆ ನಮ್ಮಲ್ಲಿ ದೊಡ್ಡ ಪೂರ್ವೋದಾಹರಣೆಯುಂಟು. ದ್ರೋಣನ ಎದುರಿಗೆ ಧರ್ಮರಾಯ ಆಡಿದ ಮಾತನ್ನು ಎಲ್ಲರೂ ನೆನೆಯುತ್ತಾರೆ. ಆನೆಯೆಂಬುದನ್ನು ಮೆಲ್ಲನೆ ಹೇಳಿದನೆಂದೂ, ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಸಾಗುತ್ತಿದ್ದ ಅವನ ರಥ ನೆಲಕ್ಕಿಳಿಯಿತೆಂದೂ ಹೇಳುತ್ತಾರೆ. ನನಗೆ ಈಗ ಧರ್ಮರಾಯನಿಗಿಂತ ಆ ಆನೆಯ ಮೇಲೆಯೇ ಮನಸ್ಸು ಹೋಗುತ್ತದೆ. ಆ ಆನೆಯನ್ನು ಭೀಮ ಕೊಂದದ್ದು ಯುದ್ಧದ ಅಗತ್ಯಕ್ಕಲ್ಲ. ಒಂದು ವಾಕ್ಯವನ್ನು ನಿಜಮಾಡುವುದಕ್ಕೆ. ಸುಳ್ಳು ಹೇಳಲಾರದವನಿಗಾಗಿ ಲೋಕವನ್ನೇ ಆ ಮಾತಿಗೆ ತಕ್ಕಂತೆ ಒಂದು ಗಳಿಗೆ ತಿದ್ದಿಕೊಟ್ಟರು. ಸಾವಿರದ ಎಂಟುನೂರು ರೂಪಾಯಿಗೆ ಮೇಸ್ತ್ರಿ ನನಗೆ ಕೊಡಲು ಬಂದದ್ದೂ ಅಂಥದೇ ಒಂದು ಸೌಕರ್ಯ. ಹಾಗೆಂದು ಅವರನ್ನು ದೂರಲಾರೆ. ಅವರು ಕೇಳಿದರು, ನನ್ನ ಮೊದಲಿನ ಅಂಗಡಿಯವರು ಕೇಳದೆಯೇ ಆನೆಯನ್ನು ಹೊಡೆದಿದ್ದರು.

ಇಲ್ಲಿ ಬುದ್ಧಿವಂತರಿಗೆ ಇನ್ನೊಂದು ದಾರಿ ಹೊಳೆಯುತ್ತದೆ, ನನಗೂ ಹೊಳೆಯಿತು. ಗೊತ್ತಿದ್ದ ದೋಷವನ್ನು ಮರೆಮಾಡಿದರಷ್ಟೆ ವಂಚನೆ, ಗೊತ್ತೇ ಇಲ್ಲದಿದ್ದರೆ? ಪರೀಕ್ಷೆ ಮಾಡಿಸದಿದ್ದರಾಯಿತು. ಅಜ್ಞಾನವನ್ನು ನಾವು ಸಾಮಾನ್ಯವಾಗಿ ಕ್ಷಮಿಸುತ್ತೇವೆ, ಕ್ಷಮಿಸಲೂ ಬೇಕು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವನ ಸಂಗಡಿಗರು ಶೀತಯಂತ್ರಗಳಿಗೆ ನಿರಪಾಯವಾದ ಅನಿಲವೊಂದನ್ನು ಕಂಡುಹಿಡಿದರು. ಆವರೆಗೆ ಬಳಸುತ್ತಿದ್ದ ಅನಿಲಗಳು ಸೋರಿದರೆ ಜನ ಸಾಯುತ್ತಿದ್ದರು. 1930ರಲ್ಲಿ ಮಿಜ್ಲಿ ಸಭೆಯ ಮುಂದೆ ಆ ಹೊಸ ಅನಿಲವನ್ನು ಉಸಿರಿನಲ್ಲಿ ಎಳೆದುಕೊಂಡು, ಊದಿ ದೀಪ ಆರಿಸಿ, ಅದು ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ತೋರಿಸಿದ. ಆ ಜಾತಿಯ ಅನಿಲಗಳು ಓಜೋನ್ ಪದರವನ್ನು ತಿನ್ನಬಹುದೆಂದು ಮೊಲೀನಾ ಮತ್ತು ರೋಲೆಂಡ್ ಬರೆದದ್ದು 1974ರಲ್ಲಿ. ಮಿಜ್ಲಿ 1944ರಲ್ಲಿಯೇ ತೀರಿಕೊಂಡಿದ್ದ. ಆ ವಿಷಯದಲ್ಲಿ ಅವನು ತಿಳಿಯಲಾರದವನಾಗಿದ್ದ. ನಾನು ತಿಳಿಯಲೊಲ್ಲದವನು. ನನಗೂ ಸತ್ಯಕ್ಕೂ ನಡುವೆ ಇದ್ದದ್ದು ಒಂದು ಬಾನೆಟ್ಟು, ಅದನ್ನು ಎತ್ತಬೇಡವೆನ್ನುವ ಅಧಿಕಾರವಿದ್ದದ್ದು ನನ್ನೊಬ್ಬನಿಗೆ. ಏನನ್ನು ನೋಡಬಾರದೆಂದು ನಿರ್ಧರಿಸುವುದಕ್ಕಾದರೂ ಅದು ಅಲ್ಲಿದೆಯೆಂಬ ಸುಳಿವು ಮನಸ್ಸಿಗೆ ಇರಲೇಬೇಕಷ್ಟೆ.

"ಇಟ್ಟುಕೊಳ್ಳುವ ಗಾಡಿಯೆಂದೇ ನೋಡಿ" ಎಂದೆ. ಇದರಲ್ಲಿ ಧೈರ್ಯಕ್ಕಿಂತ ನಾಚಿಕೆಯ ಪಾಲು ಹೆಚ್ಚು. ಮೇಸ್ತ್ರಿಯ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

ಬಾನೆಟ್ಟಿನ ಕೆಳಗಿನ ಕೀಲುಗಳಿಗೆಲ್ಲ ಸಾಬೂನು ನೀರು ಹಚ್ಚಿದರು, ಗುಳ್ಳೆ ಏಳಲಿಲ್ಲ. ಸೋರುವ ಕಡೆ ಅನಿಲದೊಂದಿಗೆ ಎಣ್ಣೆಯೂ ಜಿನುಗಿ ಧೂಳು ಅಂಟಿಕೊಳ್ಳುತ್ತದೆಯಂತೆ, ಅದೂ ಕಾಣಲಿಲ್ಲ. ಕೊನೆಗೆ, ಕಾರಿನ ಕೆಳಗೆ ನೀರು ತೊಟ್ಟಿಕ್ಕುವ ಕೊಳವೆಯ ಬಾಯಿಗೆ ಸೋರಿಕೆ ಹಿಡಿಯುವ ಸಣ್ಣ ಯಂತ್ರವನ್ನು ಒಡ್ಡಿದಾಗ ಅದು ಕಿರುಚಿತು. ರೋಗ ಕೂಲಿಂಗ್ ಕಾಯಿಲಿನಲ್ಲಿತ್ತು. ಅದನ್ನು ಬದಲಿಸಲು ಡ್ಯಾಶ್‌ಬೋರ್ಡನ್ನೇ ಕಳಚಬೇಕು, ಹದಿನಾಲ್ಕು ಸಾವಿರ. ಇದ್ದ ಸ್ಥಳಗಳಲ್ಲೆಲ್ಲ ಅತ್ಯಂತ ದುಬಾರಿಯಾದ ಸ್ಥಳವನ್ನೇ ಅದು ಆರಿಸಿಕೊಂಡಿತ್ತು.

ಸಂಜೆ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಒಳಗೊಳಗೆ ನನಗೆ ಸಾಕಷ್ಟು ಹೆಮ್ಮೆಯಾಗುತ್ತಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು. ರಥ ನಾಲ್ಕು ಬೆರಳಲ್ಲದಿದ್ದರೂ ಒಂದು ಬೆರಳಾದರೂ ಮೇಲೆದ್ದಂತಿತ್ತು. ಅವನು ಗಂಭೀರವಾಗಿ ಕೇಳಿಸಿಕೊಂಡ. ಹನ್ನೆರಡು ಸಾವಿರ ಇಳಿಸಿ ಎಂದ, ಇಳಿಸಿದೆ. ಆಮೇಲೆ ಕೇಳಿದ: "ಗ್ಯಾಸ್ ತುಂಬಿಸಿದರೆ ಮೂರು ವಾರ ಬರುತ್ತೆ ಅಂದ್ರಲ್ಲ ಸಾರ್? ಕಾಯಿಲ್ ಆಮೇಲೆ ನೋಡಿಕೊಳ್ತೀನಿ. ಬೇಸಗೆಗೆ ಎರಡು ಸಲ ತುಂಬಿಸಿದರೆ ಆಯ್ತಲ್ಲ?"

ನನ್ನ ಧರ್ಮಶಾಸ್ತ್ರದಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಮಾರುವವನು ಮುಚ್ಚಿಡಲಿಲ್ಲ, ಕೊಳ್ಳುವವನು ಮೋಸಹೋಗಲಿಲ್ಲ. ಕಾಯಿದೆಗೂ ಮಹಾಭಾರತಕ್ಕೂ ಸಮಾಧಾನ. ಆದರೆ ಸೋರಿದ ಅನಿಲ ಎಲ್ಲಿಗೆ ಹೋಗುತ್ತದೆ? 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಮಿಜ್ಲಿಯ ಅನಿಲಗಳು ಹೋಗಿ ಅವುಗಳ ಸ್ಥಾನಕ್ಕೆ ಬಂದ ಆರ್-134ಎ, ಓಜೋನನ್ನು ಮುಟ್ಟುವುದಿಲ್ಲ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಪ್ರಚಂಡ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ 1,430 ಪಟ್ಟು ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2007ರ ವರದಿ. ಸಣ್ಣ ಕಾರೊಂದರಲ್ಲಿ ಹಿಡಿಯುವ 450 ಗ್ರಾಂ ಪೂರ್ತಿ ಸೋರಿಹೋದರೆ, 280 ಲೀಟರು ಪೆಟ್ರೋಲು ಸುಟ್ಟಷ್ಟಾಗುತ್ತದೆ. ಈ ಜಾತಿಯ ಅನಿಲಗಳನ್ನು ಕ್ರಮೇಣ ಇಳಿಸುವುದೆಂದು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. ಭಾರತವೂ 2021ರಲ್ಲಿ ಅದನ್ನು ಸ್ಥಿರೀಕರಿಸಿತು. ನಮ್ಮಿಬ್ಬರ ಒಪ್ಪಂದದಲ್ಲಿ ಮಾತ್ರ ಆಕಾಶವನ್ನು ಯಾರೂ ಕೇಳಲಿಲ್ಲ. ಅದಕ್ಕೆ ಬೆಲೆ ಇಳಿಸಿ ಎನ್ನುವ ಬಾಯಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆ. ಆದರೆ ಹಿಂದಿನ ಎರಡು ಸಲ ನಾನೇ ಆ ಕೆಲಸ ಮಾಡಿದ್ದರಿಂದ ದನಿ ಅಷ್ಟು ಗಟ್ಟಿಯಾಗಿ ಬರಲಿಲ್ಲ. ಹನ್ನೆರಡು ಸಾವಿರ ಇಳಿಸುವುದಕ್ಕೆ ಬದಲಾಗಿ ನಾನೇ ಕಾಯಿಲನ್ನು ಹಾಕಿಸಿ ಕೊಟ್ಟಿದ್ದರೆ? ಮೇಲೆ ಎರಡು ಸಾವಿರವಷ್ಟೆ ಹೋಗುತ್ತಿತ್ತು. ಇದು ಹೊಳೆದದ್ದು ಅವನು ಗಾಡಿಯನ್ನು ಒಯ್ದ ಮಾರನೆಯ ದಿನ, ಕಾಫಿ ಕುಡಿಯುವಾಗ.

ಈಚೆಗೆ ಮಾರುಕಟ್ಟೆಯ ಬಳಿ ಅವನು ಸಿಕ್ಕಿದ. ಗಾಡಿಯ ಗಾಜುಗಳೆಲ್ಲ ಏರಿಸಿದ್ದವು. ಒಂದನ್ನು ಇಳಿಸಿ, "ಚೆನ್ನಾಗಿದೆ ಸಾರ್, ತಣ್ಣಗೆ ಬರ್ತಿದೆ" ಎಂದು ನಕ್ಕ. ಕಾಯಿಲ್ ಹಾಕಿಸಿದೆಯಾ ಎಂದು ಕೇಳುವುದು ನಾಲಗೆಯ ತುದಿಯವರೆಗೆ ಬಂದಿತ್ತು. ಹಿಂದಿನ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ನಾನು ಪಕ್ಕಕ್ಕೆ ಸರಿದು ನಿಂತೆ.