ಪ್ರಮಾದವೂ ನೆಪವೂ

ಮನುಷ್ಯನು ಎಡವಿ ಬಿದ್ದಾಗ ಅವನ ಬಾಯಿಂದ ಹೊರಡುವ ಮೊದಲನೆಯ ಮಾತು ಯಾವುದೆಂಬುದನ್ನು ವಿಚಾರವಂತರು ಗಮನಿಸಬೇಕು. ‘ಅಯ್ಯೋ’ ಎಂಬ ಉದ್ಗಾರವನ್ನು ಬಿಟ್ಟರೆ, ಅನಂತರ ಬರುವುದು ಬಹುಮಟ್ಟಿಗೆ ಒಂದು ಕಾರಣದ ನಿರ್ದೇಶವೇ ಆಗಿರುತ್ತದೆ: ಕಲ್ಲು ಇತ್ತು, ಕತ್ತಲೆಯಿತ್ತು, ಯಾರೋ ಅಡ್ಡ ಬಂದರು. ‘ನಾನು ನೋಡಲಿಲ್ಲ’ ಎಂಬ ಮಾತು ಎಲ್ಲಕ್ಕೂ ಕಡೆಗೆ ಬರುತ್ತದೆ. ಎಷ್ಟೋ ವೇಳೆ ಬರುವುದೇ ಇಲ್ಲ. ಇದು ಹೀಗೇಕೆ, ಇದರಿಂದ ಆಗುವ ಹಾನಿಯೇನು ಎಂಬುದನ್ನು ಇಲ್ಲಿ ಕಿಂಚಿತ್ತು ವಿಚಾರಮಾಡಬೇಕೆಂದಿದ್ದೇನೆ. ಪ್ರಶ್ನೆಯೇನೋ ಹಳೆಯದು, ಆದರೆ ಅದನ್ನು ನನಗೆ ಹೊಸದಾಗಿ ಕಲಿಸಿದ ಪ್ರಸಂಗವು ನನ್ನದೇ ಆದುದರಿಂದ ಆತ್ಮಕಥನದ ದೋಷವನ್ನು ವಾಚಕರು ಮನ್ನಿಸಬೇಕು.

ಕಳೆದ ಕಾರ್ತಿಕಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಏಳು ಮಂದಿ ಮೋಟಾರು ಸೈಕಲ್ಲುಗಳ ಮೇಲೆ ಶಿವಮೊಗ್ಗೆಯಿಂದ ತೀರ್ಥಹಳ್ಳಿ, ಆಗುಂಬೆಗಳ ಮಾರ್ಗವಾಗಿ ಉಡುಪಿಗೆ ಹೊರಟರು. ಮೂವತ್ತು ವರ್ಷ ಅದೇ ಬಗೆಯ ವಾಹನದಲ್ಲಿ ಹಳ್ಳಿಯ ಶಾಲೆಗಳಿಗೆ ಓಡಾಡಿದವನಾದ ನಾನೂ ಅವರೊಡನೆ ಹೊರಟೆನು. “ಮೇಷ್ಟ್ರೇ, ತಾವು ಕಾರಿನಲ್ಲಿ ಬನ್ನಿ, ನಾವು ವ್ಯವಸ್ಥೆ ಮಾಡುತ್ತೇವೆ” ಎಂದು ಅವರು ವಿನಯದಿಂದ ಹೇಳಿದ ಮಾತೇ ನನ್ನ ಹಟವನ್ನು ಗಟ್ಟಿಮಾಡಿತೆಂದು ಈಗ ತೋರುತ್ತದೆ. ಒಟ್ಟು ಎಂಟು ವಾಹನಗಳು. ನಾನು ಏಳನೆಯವನು, ನನ್ನ ಹಿಂದೆ ಎಲ್ಲರಿಗಿಂತ ಕಿರಿಯನಾದ ಒಬ್ಬ ಹುಡುಗ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಮಳೆಗಾಲವು ಕಳೆದ ಹೊಸದರಲ್ಲಿ ಬೆಟ್ಟದ ನೀರು ಕೊಚ್ಚಿ ತಂದ ಮರಳು ಇಂತಹ ತಿರುವುಗಳ ಅಂಚಿನಲ್ಲಿ ನಿಂತಿರುವುದು ಮಲೆನಾಡಿನವರೆಲ್ಲರೂ ಬಲ್ಲ ಸಂಗತಿ. ನಾಲ್ಕಾರು ತಿರುವುಗಳನ್ನು ಇಳಿದಿದ್ದೆವು. ಮುಂದಿನ ತಿರುವಿನಲ್ಲಿ ನನ್ನ ವಾಹನದ ಮುಂಗಾಲಿ ಜಾರಿತು. ನಾನು ಎಡಮಗ್ಗುಲಾಗಿ ಬಿದ್ದು ಐದಾರು ಅಡಿ ದೂರ ಉಜ್ಜಿಕೊಂಡು ಹೋದೆನು. ಶಿರಸ್ತ್ರಾಣವಿದ್ದುದರಿಂದ ತಲೆ ಉಳಿಯಿತು. ಮೊಣಕಾಲಿನ ಚರ್ಮ ಸುಲಿಯಿತು, ಮಣಿಕಟ್ಟು ಉಳುಕಿತು, ವಾಹನದ ಕನ್ನಡಿಯೊಂದು ಒಡೆಯಿತು. ಇಷ್ಟೇ ನಷ್ಟ. ಮುಂದೆ ಹೋಗಿದ್ದವರೆಲ್ಲರೂ ಗಾಬರಿಯಿಂದ ಹಿಂದಿರುಗಿ ಬಂದು ನನ್ನನ್ನು ಎತ್ತಿ ಕೂರಿಸಿದರು. ಕೂತವನು ನಾನು ಆಡಿದ ಮೊದಲನೆಯ ಮಾತು: “ಮರಳು.”

“ಹೌದು ಮೇಷ್ಟ್ರೇ, ಮರಳೇ. ಈ ರಸ್ತೆಯನ್ನು ಗುಡಿಸುವವರೇ ಇಲ್ಲ” ಎಂದು ಒಬ್ಬನು ಅಂದನು. ಉಳಿದವರೂ ತಲೆದೂಗಿದರು. ಹಿಂದಿನಿಂದ ಎಲ್ಲವನ್ನೂ ಕಂಡಿದ್ದ ಕಿರಿಯ ಹುಡುಗನು ಮಾತ್ರ ಏನನ್ನೂ ಹೇಳದೆ ಒಡೆದ ಕನ್ನಡಿಯ ಚೂರುಗಳನ್ನು ರಸ್ತೆಯಿಂದ ಆಯುತ್ತಿದ್ದನು. ಸೋಮೇಶ್ವರದಲ್ಲಿ ಕಾಫಿಗಾಗಿ ನಿಂತಾಗ ಆತನನ್ನು ಪಕ್ಕಕ್ಕೆ ಕರೆದು, “ಏನಪ್ಪ, ನೀನೇಕೆ ಸುಮ್ಮನಾದೆ?” ಎಂದು ಕೇಳಿದೆನು. ಅವನು ಬಹಳ ಸಂಕೋಚಪಟ್ಟು, “ತಪ್ಪು ತಿಳಿಯಬೇಡಿ ಮೇಷ್ಟ್ರೇ. ಮುಂದಿನ ಗಾಡಿ ಎಷ್ಟು ದೂರ ಹೋಯಿತೆಂದು ತಾವು ಅದನ್ನೇ ನೋಡುತ್ತಿದ್ದಿರಿ. ತಿರುವನ್ನು ನೋಡಲಿಲ್ಲ. ತಿರುವಿನ ನಡುವೆ ಒಮ್ಮೆಗೇ ಬ್ರೇಕು ಹಿಡಿದಿರಿ” ಎಂದನು.

ಆ ಮಾತು ಮೊಣಕಾಲಿನ ಗಾಯಕ್ಕಿಂತ ಹೆಚ್ಚಾಗಿ ಉರಿಯಿತೆಂಬುದನ್ನು ಮರೆಮಾಚಲಾರೆ.

ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿದವರಿಗೆ ಕುಂಬಾರನ ಕತ್ತೆಯ ದೃಷ್ಟಾಂತವು ಪರಿಚಿತವಾದುದು. ಮಡಕೆಗೆ ಕಾರಣಗಳಾವುವು? ಮಣ್ಣು, ಕುಂಬಾರ, ಚಕ್ರ, ದಂಡ. ಮಣ್ಣನ್ನು ಹೊತ್ತು ತಂದ ಕತ್ತೆಯೋ? ಅದು ಅಲ್ಲಿದ್ದುದು ನಿಜ. ಮಡಕೆ ಹುಟ್ಟುವುದಕ್ಕೆ ಮುಂಚೆ ಇದ್ದುದೂ ನಿಜ. ಆದರೂ ಆ ಕತ್ತೆಯಿಲ್ಲದೆಯೂ ಮಡಕೆಗಳು ಹುಟ್ಟುತ್ತವೆಯಾದುದರಿಂದ ಶಾಸ್ತ್ರವು ಅದನ್ನು ಕಾರಣಗಳ ಪಂಕ್ತಿಯಿಂದ ಎಬ್ಬಿಸಿ, ‘ಅನ್ಯಥಾಸಿದ್ಧ’ವೆಂದು ಹೆಸರಿಟ್ಟು ಹೊರಗೆ ಕಟ್ಟುತ್ತದೆ. ಮುಂಚೆ ಇದ್ದ ಮಾತ್ರಕ್ಕೆ ಯಾವುದೂ ಕಾರಣವಾಗಲಾರದೆಂಬುದೇ ಇದರ ಸಾರಾಂಶ. ಎಷ್ಟೋ ಹುಡುಗರಿಗೆ ಇದನ್ನು ನಗುನಗುತ್ತ ಪಾಠ ಹೇಳಿದ ನಾನು, ಬಿದ್ದ ಕ್ಷಣದಲ್ಲಿ ಮರಳೆಂಬ ಕತ್ತೆಯ ಬೆನ್ನ ಮೇಲೆ ನನ್ನ ಪತನದ ಹೊರೆಯನ್ನೆಲ್ಲ ಹೇರಿದೆನು. ಅದೇ ಮರಳಿನ ಮೇಲೆ ನನಗಿಂತ ಮುಂಚೆ ಆರು ವಾಹನಗಳು ಕ್ಷೇಮವಾಗಿ ಹಾದುಹೋಗಿದ್ದುವು.

ಹಾಗೆಂದು ಮರಳನ್ನು ಪೂರ್ಣವಾಗಿ ಕತ್ತೆಯ ಸಾಲಿಗೆ ಸೇರಿಸುವುದೂ ನ್ಯಾಯವಲ್ಲ. ಅದು ಇಲ್ಲದಿದ್ದರೆ ಅಂದು ನಾನು ಬೀಳದೆ ಇರಬಹುದಾಗಿತ್ತು. ಅದು ಸಹಕಾರಿಕಾರಣ. ಸರ್ವದೋಷವೂ ತನ್ನದೇ ಎಂದು ಎದೆ ಬಡಿದುಕೊಳ್ಳುವುದರಲ್ಲಿಯೂ ಒಂದು ಬಗೆಯ ಡಂಭವಿದೆ. ರಸ್ತೆಯನ್ನು ಶುಚಿಯಾಗಿಡುವುದು ರಸ್ತೆಯವರ ಧರ್ಮವೇ ಸರಿ. ಆದರೆ ಅವರ ಧರ್ಮವು ಅವರಿಗೆ. ನಾನು ತಿದ್ದಬಹುದಾದುದು ನನ್ನ ಪಾಲನ್ನು. ಆ ಪಾಲು ಯಾವುದೆಂದು ಎಣಿಸಿ ನೋಡಬೇಕು.

ಮೊದಲನೆಯದು ವೇಗ. ಒಬ್ಬನೇ ಇಳಿದಿದ್ದರೆ ಆ ತಿರುವಿನಲ್ಲಿ ಗಂಟೆಗೆ 15 ಕಿಲೋಮೀಟರನ್ನು ನಾನು ಮೀರುತ್ತಿರಲಿಲ್ಲ. ಅಂದು 20 ಇದ್ದಿರಬೇಕು. ಐದು ಕಿಲೋಮೀಟರಿನ ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ ವಾಹನವನ್ನು ತಿರುವಿನಲ್ಲಿ ಹಿಡಿದಿಡಲು ಬೇಕಾದ ಬಲವೂ, ಅದನ್ನು ನಿಲ್ಲಿಸಲು ಬೇಕಾದ ದೂರವೂ ವೇಗದ ವರ್ಗವನ್ನು ಅನುಸರಿಸುತ್ತವೆ. 15ರ ವರ್ಗ 225. 20ರ ವರ್ಗ 400. ವೇಗವು ಮೂರನೆಯ ಒಂದು ಪಾಲು ಹೆಚ್ಚಿದರೆ ಅಪಾಯದ ಲೆಕ್ಕವು ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಇದರ ಮೇಲೆ, ನೆಲವನ್ನು ಕಚ್ಚಿ ಹಿಡಿಯುವ ಗಾಲಿಯ ಶಕ್ತಿಯು ಬಡಗೃಹಸ್ಥನ ಆದಾಯದಂತೆ ಮಿತವಾದುದು. ತಿರುಗುವುದಕ್ಕೂ ನಿಲ್ಲುವುದಕ್ಕೂ ಅದೊಂದೇ ಮೂಲಧನ. ತಿರುವಿಗೆ ಅದನ್ನೆಲ್ಲ ವ್ಯಯಮಾಡಿದವನು ನಡುವೆ ಬ್ರೇಕನ್ನು ಹಿಡಿದರೆ ಸಾಲವು ಹುಟ್ಟುವುದಿಲ್ಲ, ಗಾಲಿ ಜಾರುತ್ತದೆ. ಆದುದರಿಂದಲೇ ತಿರುವಿಗೆ ಮುಂಚೆಯೇ ವೇಗವನ್ನು ಇಳಿಸಬೇಕೆಂದು ಬಲ್ಲವರು ಹೇಳುವುದು.

ಎರಡನೆಯದು, ಆ ವೇಗವು ನನ್ನದಾಗಿರಲಿಲ್ಲವೆಂಬುದು. ಗುಂಪಿನ ಸವಾರಿಯಲ್ಲಿ ಒಂದು ಸೂಕ್ಷ್ಮವಿದೆ. ಮುಂದಾಳು ತಿರುವನ್ನು ದಾಟಿ ನೆಟ್ಟನೆಯ ದಾರಿಯಲ್ಲಿ ವೇಗವನ್ನು ಹೆಚ್ಚಿಸಿಕೊಳ್ಳುವಾಗ ಹಿಂದಿನವನು ಇನ್ನೂ ತಿರುವಿನಲ್ಲಿಯೇ ಇರುತ್ತಾನೆ. ನಡುವಣ ಅಂತರ ಬೆಳೆಯುತ್ತದೆ. ಅದನ್ನು ತುಂಬಬೇಕೆಂದು ಅವನು ಮುಂದಾಳಿಗಿಂತಲೂ ಹೆಚ್ಚು ವೇಗದಿಂದ ಧಾವಿಸುತ್ತಾನೆ. ಹೀಗೆ ಸಾಲಿನಲ್ಲಿ ಹಿಂದೆ ಹಿಂದೆ ಹೋದಷ್ಟೂ ಆತುರವು ಬೆಳೆಯುತ್ತ, ಮುಂದಾಳು ಎಂದೂ ಓಡದ ವೇಗದಲ್ಲಿ ಕಡೆಯವನು ಓಡಬೇಕಾಗುತ್ತದೆ. ‘ಬೇಗ ಬನ್ನಿ’ ಎಂದು ಯಾರೂ ನನಗೆ ಹೇಳಲಿಲ್ಲ. ನಾನೂ ‘ನಿಧಾನವಾಗಿ ಹೋಗಿ’ ಎಂದು ಹೇಳಲಿಲ್ಲ. ಸಮುದಾಯದಲ್ಲಿ ನಡೆಯುವ ಎಷ್ಟೋ ಅಧರ್ಮಗಳು ಈ ಬಗೆಯವೇ ಅಲ್ಲವೆ? ಆಜ್ಞಾಪಿಸಿದವನಿಲ್ಲ, ಒಪ್ಪಿದವನಿಲ್ಲ, ಪ್ರತಿಯೊಬ್ಬನೂ ಮುಂದಿನವನ ಬೆನ್ನನ್ನು ನೋಡುತ್ತ ಸಾಗುತ್ತಾನೆ. ಶಕ್ತಿಗೆ ಮೀರಿ ಮದುವೆಯಲ್ಲಿ ವ್ಯಯಮಾಡುವವನೂ ನೆರೆಯವನ ಬೆನ್ನನ್ನು ನೋಡಿಯೇ ಸಾಲದಲ್ಲಿ ಬೀಳುತ್ತಾನೆ. ದಾರಿಯನ್ನು ನೋಡಬೇಕಾದ ಕಣ್ಣನ್ನು ಪರರ ಬೆನ್ನಿಗೆ ಒಪ್ಪಿಸುವುದೇ ಗತಾನುಗತಿಕತೆ.

ಮೂರನೆಯದು ಎಲ್ಲಕ್ಕೂ ಮೂಲವಾದುದು. ಮುದುಕನಾದೆನೆಂದು ಹುಡುಗರು ತಿಳಿಯಬಾರದೆಂಬ ಅಭಿಮಾನ. ಇದನ್ನು ಬರೆಯುವುದಕ್ಕೆ ನನಗೆ ಅನೇಕ ದಿನಗಳು ಬೇಕಾದುವು.

ಇಲ್ಲಿ ಒಂದು ಆಕ್ಷೇಪವುಂಟು. ಮೊಣಕಾಲು ತರೆದ ಮಾತ್ರಕ್ಕೆ ಇಷ್ಟು ಮೀಮಾಂಸೆಯೇಕೆ? ದೊಡ್ಡ ಅನರ್ಥವಾಗಿದ್ದರೆ ವಿಚಾರವು ಉಚಿತ, ಇದು ಅಲ್ಪವಲ್ಲವೆ? ಈ ಆಕ್ಷೇಪದಲ್ಲಿ ಫಲವನ್ನು ನೋಡಿ ದೋಷವನ್ನು ಅಳೆಯುವ ತಪ್ಪಿದೆ. ನಾನು ಜಾರಿದ ಹೊತ್ತಿಗೆ ಕೆಳಗಿನಿಂದ ಮಿನಿ ಬಸ್ಸೊಂದು ಏರಿ ಬರುತ್ತಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿರಲಿಲ್ಲ. ಬಸ್ಸು ಬರದೆ ಇದ್ದುದು ನನ್ನ ಪುಣ್ಯವಿರಬಹುದು. ನನ್ನ ಗುಣವಂತೂ ಅಲ್ಲ. ಮಾಡಿದ ತಪ್ಪು ಎರಡು ಪಕ್ಷದಲ್ಲಿಯೂ ಒಂದೇ. ಭಾರತದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಮಡಿದರೆಂದು ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ದ್ವಿಚಕ್ರವಾಹನದವರು. ಅವರಲ್ಲಿ ಎಷ್ಟೋ ಮಂದಿ ಅದಕ್ಕೆ ಮುಂಚೆ ಒಮ್ಮೆ ಅಲ್ಪವಾಗಿ ಬಿದ್ದು, ‘ಮರಳು’ ಎಂದು ಹೇಳಿ ಎದ್ದು ಹೋಗಿದ್ದಿರಬಹುದಲ್ಲವೆ? ಸಂಸ್ಕೃತದಲ್ಲಿ ‘ಪ್ರಮಾದ’ವೆಂದರೆ ಎಚ್ಚರಗೇಡಿತನ, ಕನ್ನಡದ ಬಳಕೆಯಲ್ಲಿ ಅದು ತಪ್ಪು, ಅನಾಹುತ ಎಂಬ ಅರ್ಥವನ್ನೂ ಪಡೆದಿದೆ. ಕಾರಣದ ಹೆಸರನ್ನೇ ಕಾರ್ಯಕ್ಕೂ ಇಟ್ಟ ನಮ್ಮ ಹಿರಿಯರು ವಿಷಯವನ್ನು ಬಲ್ಲವರಾಗಿದ್ದರು. ಮಹಾಭಾರತದ ಸನತ್ಸುಜಾತೀಯವಂತೂ ಪ್ರಮಾದವನ್ನೇ ಮೃತ್ಯುವೆಂದು ಎಣಿಸುತ್ತದೆ.

ಮತ್ತೊಂದು ಆಕ್ಷೇಪವು ಇನ್ನೂ ಗಂಭೀರವಾದುದು. ತಪ್ಪನ್ನು ಮನಸ್ಸಿನಲ್ಲಿ ತಿಳಿದುಕೊಂಡರೆ ಸಾಲದೆ? ಶಿಷ್ಯರ ಮುಂದೆ ಹೇಳಿ ಗುರುಸ್ಥಾನದ ಗೌರವವನ್ನು ಏಕೆ ಕಳೆದುಕೊಳ್ಳಬೇಕು? ನಾನೂ ಎರಡು ದಿನ ಹೀಗೆಯೇ ಯೋಚಿಸಿದೆನು. ಆದರೆ ‘ಮರಳು’ ಎಂಬ ನನ್ನ ಮಾತನ್ನು ಆರು ಮಂದಿ ನಂಬಿದ್ದರು. ನಂಬದವನೂ ಗೌರವಕ್ಕಾಗಿ ಸುಮ್ಮನಿದ್ದನು. ಸುಳ್ಳು ಕಾರಣವನ್ನು ನಂಬಿದವನು ಸುಳ್ಳು ಎಚ್ಚರವನ್ನೇ ಕಲಿಯುತ್ತಾನೆ. ಅವರು ಮರಳಿಲ್ಲದ ತಿರುವಿನಲ್ಲಿ ನಿರ್ಭಯವಾಗಿ, ಮುಂದಿನವನ ಬೆನ್ನನ್ನು ನೋಡುತ್ತ ಧಾವಿಸಿದರೆ, ಆಗಿನ ಅನರ್ಥದಲ್ಲಿ ನನ್ನ ನೆಪಕ್ಕೂ ಪಾಲುಂಟು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪಾಪವಿಮೋಚನೆಯ ಉಪಾಯಗಳನ್ನು ಹೇಳುವಾಗ ‘ಖ್ಯಾಪನ’ವನ್ನು, ಎಂದರೆ ತಪ್ಪನ್ನು ಬಾಯಿಬಿಟ್ಟು ಹೇಳುವುದನ್ನು, ಅನುತಾಪಕ್ಕಿಂತಲೂ ಮೊದಲು ಎಣಿಸಿದೆ. ಈ ಕ್ರಮದ ಔಚಿತ್ಯವು ನನಗೆ ಈಗ ಹೊಳೆಯಿತು. ಅನುತಾಪದಿಂದ ನಾನೊಬ್ಬನು ಶುದ್ಧನಾಗಬಹುದು. ಖ್ಯಾಪನದಿಂದ ಇತರರಿಗೂ ರಕ್ಷೆಯಾಗುತ್ತದೆ.

ಇದು ಕೇವಲ ಪರಲೋಕದ ಮಾತಲ್ಲ. ಅಮೆರಿಕಾ ದೇಶದಲ್ಲಿ ವಿಮಾನ ನಡೆಸುವವರು ತಮ್ಮ ಸಣ್ಣ ತಪ್ಪುಗಳನ್ನು ತಾವಾಗಿ ಬರೆದು ತಿಳಿಸುವ ಏರ್ಪಾಡೊಂದು 1976ರಿಂದ ನಡೆದುಬಂದಿದೆ. ಅದನ್ನು ನಡೆಸುವುದು ದಂಡಿಸುವ ಅಧಿಕಾರವಿಲ್ಲದ ನಾಸಾ ಸಂಸ್ಥೆ. ಬರೆದವನ ಹೆಸರನ್ನು ಅಳಿಸಿ, ಪಾಠವನ್ನು ಮಾತ್ರ ಎಲ್ಲರಿಗೂ ತಿಳಿಸುತ್ತಾರೆ. ಬುದ್ಧಿಪೂರ್ವಕವಲ್ಲದ ತಪ್ಪನ್ನು ಹತ್ತು ದಿನಗಳೊಳಗಾಗಿ ತಿಳಿಸಿದವನಿಗೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿಯೂ ಉಂಟು. ಶಿಕ್ಷೆಯ ಭಯವಿರುವಲ್ಲಿ ತಪ್ಪು ಅಡಗುತ್ತದೆ, ಅಡಗಿದ ತಪ್ಪು ಬೆಳೆಯುತ್ತದೆ ಎಂಬ ತತ್ತ್ವವನ್ನು ಕಂಡವರು ಮಾಡಿದ ಏರ್ಪಾಡಿದು. ಇದನ್ನು ಓದಿದಾಗ ನನ್ನ ಬೆತ್ತವು ನೆನಪಿಗೆ ಬಂದಿತು. ‘ತಪ್ಪು ಮಾಡಿದವನನ್ನು ಕ್ಷಮಿಸುತ್ತೇನೆ, ನೆಪ ಹೇಳಿದವನನ್ನು ಬಿಡುವುದಿಲ್ಲ’ ಎಂದು ತರಗತಿಯಲ್ಲಿ ಹೇಳುತ್ತಿದ್ದೆನು. ಆದರೆ ತಪ್ಪೊಪ್ಪಿದವನಿಗೂ ಒಂದೆರಡು ಏಟು ಬೀಳುತ್ತಿದ್ದುದು ನಿಜ. ಹಾಗಿರುವಲ್ಲಿ ನೆಪ ಹೇಳುವುದನ್ನು ಮಕ್ಕಳಿಗೆ ಕಲಿಸಿದವನು ಯಾರು?

ಮೂರನೆಯ ದಿನ ಏಳು ಮಂದಿಯನ್ನೂ ಮನೆಗೆ ಕರೆದು ನಡೆದುದನ್ನು ನಡೆದಂತೆ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಮುಂದಾಳಾಗಿದ್ದವನು, “ಕನ್ನಡಿಯಲ್ಲಿ ತಮ್ಮನ್ನು ನಾನು ಒಮ್ಮೆಯೂ ನೋಡಲಿಲ್ಲ, ಮೇಷ್ಟ್ರೇ” ಎಂದನು. ಮತ್ತೊಬ್ಬನು ಹಿಂದಿನ ವರ್ಷ ಚಾರ್ಮಾಡಿಯಲ್ಲಿ ತಾನೂ ಬಿದ್ದುದನ್ನೂ, ನಾಯಿ ಅಡ್ಡ ಬಂದಿತೆಂದು ಮನೆಯಲ್ಲಿ ಹೇಳಿದುದನ್ನೂ ಒಪ್ಪಿದನು, ನಾಯಿ ಇರಲಿಲ್ಲವಂತೆ. ನನ್ನ ಗೌರವವು ಕುಗ್ಗಿತೆಂದು ತೋರಲಿಲ್ಲ. ಕುಗ್ಗಿದ್ದರೂ ಲಾಭವೇ ಹೆಚ್ಚು.

ಈಗ ನಮ್ಮಲ್ಲಿ ಒಂದು ನಿಯಮವಿದೆ. ಎಲ್ಲರಿಗಿಂತ ನಿಧಾನಿಯು ಮುಂದಾಳಿನ ಹಿಂದೆ ಎರಡನೆಯವನಾಗಿ ನಡೆಯಬೇಕು. ಅವನ ಗತಿಯೇ ಗುಂಪಿನ ಗತಿ. ಕವಲುದಾರಿಯಲ್ಲಿ ಪ್ರತಿಯೊಬ್ಬನೂ ತನ್ನ ಹಿಂದಿನವನಿಗಾಗಿ ಕಾಯಬೇಕು. ಎರಡನೆಯ ಸ್ಥಾನವು ನನ್ನದು. ಮನೆಯಾಗಲಿ, ಶಾಲೆಯಾಗಲಿ, ಸಂಘವಾಗಲಿ, ಅಶಕ್ತನ ಗತಿಯನ್ನು ಗಮನಿಸಿ ನಡೆಯುವ ಗುಂಪೇ ಕೂಡಿ ಗುರಿ ಸೇರುತ್ತದೆ. ಆದರೆ ಆ ಅಶಕ್ತನು ‘ನಾನು ಅಶಕ್ತನು’ ಎಂದು ಮೊದಲು ಬಾಯಿಬಿಟ್ಟು ಹೇಳಬೇಕು. ಅದನ್ನು ಹೇಳಲು ನನಗೆ ಒಂದು ಪತನವು ಬೇಕಾಯಿತು. ಇದನ್ನು ಓದುವವರಿಗೆ ಅಷ್ಟು ಬೇಕಾಗದಿರಲಿ.